ಬದಲಿಗೆ ಬಂದವರು

'ಫೈರ್ ಎಂಬ್ಲೆಮ್: ಜೀನಿಯಾಲಜಿ ಆಫ್ ದಿ ಹೋಲಿ ವಾರ್' ಬಗ್ಗೆ ಯಾರೇ ಬರೆಯಲಿ, ಎರಡನೇ ಪ್ಯಾರಾದೊಳಗೆ ಒಂದು ಹೊಗಳಿಕೆ ಬಂದೇ ಬರುತ್ತದೆ: ರಾಜವಂಶದ ರಕ್ತ, ದೈವಾಂಶ, ಹುಟ್ಟಿನ ಹಕ್ಕು ಇವೆಲ್ಲವನ್ನೂ ಬಯಲಿಗೆಳೆದ ಆಟ ಇದು ಎಂದು. ಈ ಹೊಗಳಿಕೆ ಎಷ್ಟು ಸಲ ಒಬ್ಬರಿಂದೊಬ್ಬರಿಗೆ ದಾಟಿದೆಯೆಂದರೆ ಈಗ ಅದನ್ನು ಯಾರೂ ಆಟದೊಳಗೆ ಹುಡುಕಿ ನೋಡುವುದಿಲ್ಲ. ನಾನು ಎರಡು ಸಲ ಆಡಿ ಮುಗಿಸಿದ್ದೇನೆ. ಈ ಆಟ ವಂಶದ ಹಿರಿಮೆಯನ್ನು ಮಾತಿನಲ್ಲಿ ಬೈಯುತ್ತದೆ, ಲೆಕ್ಕದಲ್ಲಿ ಪೂಜಿಸುತ್ತದೆ. ಅದರ ನಿಜವಾದ ಸಾಧನೆ ಬೇರೆ ಕಡೆ ಇದೆ, ಯಾರೂ ತಿರುಗಿ ನೋಡದ ಮೂಲೆಯಲ್ಲಿ.

ಹಿನ್ನೆಲೆ ಬಲ್ಲವರು ಇಲ್ಲಿ ನಾಲ್ಕು ಸಾಲು ಸಹಿಸಿಕೊಳ್ಳಬೇಕು. 1996ರ ಮೇ ತಿಂಗಳಲ್ಲಿ ಜಪಾನಿನಲ್ಲಿ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಬಂದ ಆಟ. ಮಾಡಿದ್ದು ಇಂಟೆಲಿಜೆಂಟ್ ಸಿಸ್ಟಮ್ಸ್, ಹೊರತಂದದ್ದು ನಿಂಟೆಂಡೊ, ಕಲ್ಪನೆ ಶೋಜೊ ಕಾಗಾ ಅವರದು. ಹೊರಗಿನವರು ಹೆಚ್ಚಾಗಿ ಅಭಿಮಾನಿಗಳ ಅನುವಾದದಲ್ಲೇ ಇದನ್ನು ಆಡಿದರು. ಜುಗ್ಡ್ರಾಲ್ ಎಂಬ ಖಂಡ. ಹಿಂದೊಮ್ಮೆ ಡಾರ್ನಾ ಕೋಟೆಯಲ್ಲಿ ಡ್ರ್ಯಾಗನ್‌ಗಳು ಹನ್ನೆರಡು ವೀರರಿಗೆ ತಮ್ಮ ರಕ್ತವನ್ನೂ ಒಂದೊಂದು ಆಯುಧವನ್ನೂ ಕೊಟ್ಟವು. ಆ ಹನ್ನೆರಡು ಮನೆತನಗಳೇ ಈಗ ಖಂಡವನ್ನು ಆಳುತ್ತಿವೆ. ಪೂರ್ಣ ರಕ್ತ ಇದ್ದವರು ಮಾತ್ರ ಮನೆತನದ ಆಯುಧವನ್ನು ಎತ್ತಬಲ್ಲರು. ಅಂಶ ಮಾತ್ರ ಇದ್ದವರಿಗೆ ಒಂದಿಷ್ಟು ಕಸುವು ಹೆಚ್ಚು, ಅಷ್ಟೇ. ಮೊದಲ ಅರ್ಧ ಸಿಗುರ್ಡ್ ಎಂಬ ವೀರನದು. ಐದನೇ ಅಧ್ಯಾಯದ ಕೊನೆಗೆ ಬೆಲ್ಹಲ್ಲಾದಲ್ಲಿ ಆರ್ವಿಸ್ ಎಂಬವನು ಅವನನ್ನೂ ಅವನ ಸೈನ್ಯವನ್ನೂ ಸುಟ್ಟು ಬೂದಿ ಮಾಡುತ್ತಾನೆ. ಎರಡನೇ ಅರ್ಧ ಅವನ ಮಗ ಸೆಲಿಫ್ ಮತ್ತು ಸತ್ತವರ ಮಕ್ಕಳದು.

ಹೊಗಳುವವರ ಬಳಿ ಸಾಕ್ಷ್ಯ ಇಲ್ಲ ಎನ್ನಲಾರೆ. ಮುಖ್ಯ ಸಾಕ್ಷ್ಯ ಮ್ಯಾನ್‌ಫ್ರಾಯ್. ಕಾಳ ಡ್ರ್ಯಾಗನ್ ಲೋಪ್ಟಸ್‌ನ ಈ ಪುರೋಹಿತನಿಗೆ ಪೂರ್ಣ ರಕ್ತದ ಮಗು ಬೇಕು. ಆರ್ವಿಸ್ ಮತ್ತು ಡಿಯರ್ಡ್ರೆ ಒಂದೇ ತಾಯಿಯ ಮಕ್ಕಳು, ತಂದೆ ಬೇರೆ. ಇಬ್ಬರಲ್ಲೂ ತಾಯಿ ಸಿಗ್ಯುನ್ ಕಡೆಯಿಂದ ಬಂದ ಲೋಪ್ಟಸ್ ಅಂಶವಿದೆ. ಸಿಗುರ್ಡ್‌ನ ಹೆಂಡತಿಯಾಗಿದ್ದ ಡಿಯರ್ಡ್ರೆಯನ್ನು ಕದ್ದು, ಅವಳ ನೆನಪನ್ನು ಅಳಿಸಿ, ಗೊತ್ತಿಲ್ಲದ ಅಣ್ಣನಿಗೇ ಮದುವೆ ಮಾಡಿಸುತ್ತಾನೆ. ಹುಟ್ಟಿದ ಜೂಲಿಯಸ್ ಲೋಪ್ಟಸ್‌ನ ಅವತಾರ, ಜೊತೆಯಲ್ಲಿ ಹುಟ್ಟಿದ ಜೂಲಿಯಾ ನಾಗಾ ಎಂಬ ಬೆಳಕಿನ ಡ್ರ್ಯಾಗನ್‌ನ ವಾರಸುದಾರಳು. ಕುದುರೆ ತಳಿ ಕಟ್ಟುವವನ ಹಾಗೆ ಮನುಷ್ಯರನ್ನು ಕೂಡಿಸಿದವನು ಈ ಕಥೆಯ ದುಷ್ಟ. ಆದ್ದರಿಂದ ಆಟ ವಂಶಶುದ್ಧಿಯ ವಿರುದ್ಧ ಇದೆ ಎನ್ನುವುದು ವಾದ.

ವಾದ ಚೆನ್ನಾಗಿದೆ. ಆದರೆ ಮೊದಲ ಐದು ಅಧ್ಯಾಯ ಆಟಗಾರ ಏನು ಮಾಡುತ್ತಾನೆ? ಸಂಬಂಧ ಕುದುರಿಸುತ್ತಾನೆ. ಸಿಗುರ್ಡ್‌ನ ಸೈನ್ಯದ ಗಂಡು ಹೆಣ್ಣುಗಳ ನಡುವೆ ಒಳಗೊಳಗೇ ಪ್ರೀತಿಯ ಅಂಕ ಏರುತ್ತಿರುತ್ತದೆ. ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿದರೆ ಬೇಗ ಏರುತ್ತದೆ. 500 ಮುಟ್ಟಿದರೆ ಜೋಡಿ ಕೂಡಿತು. ಕೋಟೆಯೊಳಗೆ ಕಣಿ ಹೇಳುವವರ ಹತ್ತಿರ ಹೋಗಿ ಯಾರ ಮನಸ್ಸು ಯಾರ ಮೇಲೆ ಎಂದು ಕೇಳಬಹುದು. ನಮ್ಮ ಕಡೆ ಜಾತಕ ಹಿಡಿದು ಓಡಾಡುವ ದಲ್ಲಾಳಿಗೆ ಈ ಪರದೆ ಚೆನ್ನಾಗಿ ಅರ್ಥವಾಗುತ್ತದೆ. ಯಾಕೆಂದರೆ ಇಲ್ಲಿ ಪ್ರೀತಿ ನೆಪ, ಫಲ ಮಗು. ಮಗುವಿನ ಬೆಳವಣಿಗೆಯ ದರ ತಾಯ್ತಂದೆಯರ ದರಗಳಿಂದ ಬರುತ್ತದೆ; ಐರಾ ಎಂಬವಳ ಐದೇಟಿನ ಖಡ್ಗವಿದ್ಯೆ ಅವಳ ಮಕ್ಕಳಿಗೆ ಹುಟ್ಟಿನಿಂದಲೇ ಬರುತ್ತದೆ. ಸಿಲೆಸಿಯ ರಾಜಕುಮಾರ ಲೆವಿನ್‌ನನ್ನು ಟೈಲ್ಟಿಯು ಎಂಬವಳಿಗೆ ಕೊಟ್ಟರೆ ಅವನ ಫೋರ್ಸೆಟಿ ಗಾಳಿಮಂತ್ರ ಅವಳ ಮಗ ಆರ್ಥರ್‌ಗೆ. ಎರಿನಿಸ್‌ಗೆ ಕೊಟ್ಟರೆ ಅವಳ ಮಗ ಸೆಡ್‌ಗೆ. ಎರಡೂ ಕಡೆ ಮಗಳಿಗೆ ಸಿಗುವುದು ಅಂಶ ಮಾತ್ರ, ಇದನ್ನು ಯಾರೂ ಆಕ್ಷೇಪಿಸಿದ್ದು ನಾನು ಓದಿಲ್ಲ. ಲೆವಿನ್‌ಗೆ ಯಾರನ್ನು ಕೊಡಬೇಕು ಎಂಬ ಜಗಳ ಆಟಗಾರರ ನಡುವೆ ಇನ್ನೂ ಮುಗಿದಿಲ್ಲ.

ಇಲ್ಲಿ ಇನ್ನೊಂದು ಬಣದ ವಿಮರ್ಶಕರು ಎದ್ದು ನಿಲ್ಲುತ್ತಾರೆ. ಅದೇ ತಾನೆ ಸೊಗಸು, ಆಟಗಾರನೇ ಮ್ಯಾನ್‌ಫ್ರಾಯ್ ಆಗುತ್ತಾನೆ, ಆಟ ಅವನ ಮುಖಕ್ಕೆ ಕನ್ನಡಿ ಹಿಡಿಯುತ್ತದೆ ಎನ್ನುತ್ತಾರೆ. ಈ ಕನ್ನಡಿಯ ಮಾತು ಈಗ ವಿಡಿಯೊ ಗೇಮ್ ವಿಮರ್ಶೆಯ ಎಲ್ಲ ಬಾಗಿಲಿಗೂ ಹೊಂದುವ ಕೀಲಿಕೈ. ಆಟಗಾರ ಕೆಟ್ಟದ್ದು ಮಾಡಿದನೇ? ಹಾಗಾದರೆ ಆಟ ಅವನನ್ನು ಟೀಕಿಸಿತು! ಕನ್ನಡಿ ಹಿಡಿಯಬೇಕಾದರೆ ಆಟ ಒಂದು ಸಲವಾದರೂ ತಿರುಗಿ ನನ್ನತ್ತ ನೋಡಬೇಕಿತ್ತು. ನೋಡುವುದಿಲ್ಲ. ಚೆನ್ನಾಗಿ ಜೋಡಿ ಹಾಕಿದವನಿಗೆ ಬಲವಾದ ಮಕ್ಕಳು, ದೊಡ್ಡ ಆಯುಧಗಳು, ಸಲೀಸಾದ ಯುದ್ಧಗಳು. ಯಾವ ಪಾತ್ರವೂ 'ನನ್ನನ್ನು ಲೆಕ್ಕ ಹಾಕಿ ಹುಟ್ಟಿಸಿದರು' ಎಂದು ಕೊರಗುವುದಿಲ್ಲ. ಮ್ಯಾನ್‌ಫ್ರಾಯ್‌ನದು ಅಪರಾಧ, ನನ್ನದು ಜಾಣತನ. ನಡುವಿನ ಗೆರೆಯನ್ನು ಆಟ ಎಲ್ಲೂ ಮುಟ್ಟುವುದಿಲ್ಲ.

ಜಪಾನಿನ ಅರಮನೆಯನ್ನು ಎಳೆದು ತರುವವರೂ ಇದ್ದಾರೆ. ಅಲ್ಲಿಯ ಪಟ್ಟಕ್ಕೂ ಒಂದು ಖಡ್ಗ, ಒಂದು ಕನ್ನಡಿ, ಒಂದು ಮಣಿ ಗುರುತು. ಅಲ್ಲಿಯ ವಂಶವೂ ಸೂರ್ಯದೇವಿಯಿಂದ ಇಳಿದದ್ದೆಂದು ನಂಬಿಕೆ. ತಾನು ದೇವರೆಂಬ ಕಲ್ಪನೆಯನ್ನು ಚಕ್ರವರ್ತಿ 1946ರ ಜನವರಿ 1ರ ಘೋಷಣೆಯಲ್ಲಿ ಅಲ್ಲಗಳೆದದ್ದೂ ನಿಜ. ಆದರೆ ಇದೆಲ್ಲ ಹೇಳಿ ಮುಗಿಸಿದ ಮೇಲೂ ಆಟದ ಒಂದು ನಿಯಮವೂ ಬಿಡಿಸಿಕೊಳ್ಳುವುದಿಲ್ಲ. ನನಗೆ ಹತ್ತಿರದ ನೆಂಟಸ್ತಿಕೆ ಕಾಣುವುದು ರೇಸ್ ಕುದುರೆಯ ಲಾಯದಲ್ಲಿ. 1991ರಲ್ಲಿ ಇದೇ ನಿಂಟೆಂಡೊ ಯಂತ್ರದ ಹಳೆಯ ಮಾದರಿಗೆ 'ಡರ್ಬಿ ಸ್ಟ್ಯಾಲಿಯನ್' ಬಂದು ಜಪಾನಿನಲ್ಲಿ ಮನೆಮಾತಾಗಿತ್ತು. ಗಂಡು ಕುದುರೆ, ಹೆಣ್ಣು ಕುದುರೆ, ಅವುಗಳ ಅಜ್ಜ ಮುತ್ತಜ್ಜರ ಪಟ್ಟಿ ನೋಡಿ ಮರಿ ಹಾಕಿಸುವ ಆಟ. ಕಾಗಾ ಅಲ್ಲಿಂದ ಎತ್ತಿಕೊಂಡರು ಎಂದು ನಾನು ಹೇಳುತ್ತಿಲ್ಲ. ಆ ಕಾಲದ ಆಟಗಾರನಿಗೆ ವಂಶಾವಳಿ ಎಂದರೆ ಪುರಾಣ ಆಗುವ ಮೊದಲೇ ಒಂದು ಕೋಷ್ಟಕವಾಗಿತ್ತು ಎನ್ನುತ್ತಿದ್ದೇನೆ.

ಈಗ ಮೂಲೆಗೆ ಬರೋಣ. ಮೊದಲ ಅರ್ಧದಲ್ಲಿ ಒಬ್ಬ ಹೆಣ್ಣಿಗೆ ಜೋಡಿ ಕೂಡದಿದ್ದರೆ ಏನಾಗುತ್ತದೆ? ಅವಳ ಮಕ್ಕಳು ಹುಟ್ಟುವುದೇ ಇಲ್ಲ. ಎರಡನೇ ಅರ್ಧದಲ್ಲಿ ಅವರು ನಿಲ್ಲಬೇಕಾಗಿದ್ದ ಜಾಗದಲ್ಲಿ ಬೇರೆ ಯಾರೋ ನಿಂತಿರುತ್ತಾರೆ. ಐರಾಳ ಅವಳಿಗಳಾದ ಲಾರ್ಸಿ, ಸ್ಕಾಥಾಕ್ ಬದಲು ಕ್ರೇಡ್ನಿ, ಡಾಲ್ವಿನ್. ಅವರಿಗೆ ಐದೇಟಿನ ವಿದ್ಯೆ ಇಲ್ಲ. ಟೈಲ್ಟಿಯುವಿನ ಆರ್ಥರ್ ಬದಲು ಆಮಿಡ್. ಇವರಿಗೆ ತಾಯ್ತಂದೆಯಿಂದ ಬಂದ ಆಯುಧವಿಲ್ಲ, ಹೆಚ್ಚಿನವರಿಗೆ ವೀರರ ರಕ್ತವೂ ಇಲ್ಲ. ಬೆಳವಣಿಗೆಯ ದರ ಮೊದಲೇ ಬರೆದಿಟ್ಟದ್ದು. ಜಪಾನಿನ ಆಟಗಾರರು ಇವರನ್ನು ಹೇಮಿನ್ ಎಂದು ಕರೆಯುವುದುಂಟು, ಅಂದರೆ ಸಾಮಾನ್ಯ ಪ್ರಜೆಗಳು. ಹೊಗಳುವ ಬಣವೂ ಕನ್ನಡಿಯ ಬಣವೂ ಇವರನ್ನು ಒಂದು ವಾಕ್ಯದಲ್ಲಿ ಮುಗಿಸುತ್ತವೆ: ಜೋಡಿ ಹಾಕಲು ಮರೆತವನಿಗೆ ಸಿಗುವ ಸಮಾಧಾನದ ಬಹುಮಾನ.

ಎಂಟನೇ ಅಧ್ಯಾಯದ ಒಂದು ದೃಶ್ಯದ ಎರಡು ರೂಪಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಫೆಬೈಲ್ ಎಂಬ ಬಿಲ್ಲುಗಾರ ಶತ್ರುರಾಜ ಬ್ಲೂಮ್‌ನ ಹತ್ತಿರ ಕೂಲಿ ಸೈನಿಕ. ಅನಾಥ ಮಕ್ಕಳ ಹೊಟ್ಟೆ ಹೊರೆಯಲು ಅವನಿಗೆ ಹಣ ಬೇಕು, ಯಾರ ಹಣವಾದರೂ ಸರಿ. ನಮ್ಮ ಸೈನ್ಯದಲ್ಲಿರುವ ತಂಗಿ, ಕಳ್ಳಿ ಪ್ಯಾಟಿ, ಹತ್ತಿರ ಹೋಗಿ ಮಾತನಾಡಿಸುತ್ತಾಳೆ. ಅವನು ಪಕ್ಷ ಬದಲಿಸುತ್ತಾನೆ. ಇವರ ತಾಯಿ ಬ್ರಿಜಿಡ್, ಯಂಗ್ವಿ ಮನೆತನದ ಪೂರ್ಣ ರಕ್ತದವಳು. ಹಾಗಾಗಿ ಫೆಬೈಲ್‌ನ ಜೊತೆ ಯೂಫೆಲ್ ಎಂಬ ದಿವ್ಯ ಬಿಲ್ಲೂ ನಮ್ಮ ಕಡೆಗೆ ಬರುತ್ತದೆ. ಬ್ರಿಜಿಡ್‌ಗೆ ಜೋಡಿಯಾಗದಿದ್ದರೆ ಅದೇ ಜಾಗದಲ್ಲಿ ಅಸೇಲೊ ಎಂಬ ಬಿಲ್ಲುಗಾರ. ಅವನೂ ಅದೇ ರಾಜನ ಕೂಲಿ. ತಂಗಿ ಡೇಸಿ ಕರೆದರೆ ಅವನೂ ಬರುತ್ತಾನೆ. ಯೂಫೆಲ್ ಮಾತ್ರ ಬರುವುದಿಲ್ಲ.

ಮೊದಲ ಸಲ ಆಡಿದಾಗ ಫೆಬೈಲ್ ಸಿಕ್ಕಿದ್ದ. ದೃಶ್ಯ ಹಿಡಿಸಿತು, ಹಿಡಿಸಿದ್ದು ಹಳೆಯ ರುಚಿಯಿಂದ. ಬಡವನಂತೆ ಬದುಕುತ್ತಿದ್ದವನು ನಿಜಕ್ಕೂ ದೊಡ್ಡ ಮನೆಯವನು: ಈ ತಿರುವು ಕರ್ಣನ ಕಾಲದಿಂದ ನಮಗೆ ಪರಿಚಿತ. ಕುಲದ ಹೆಸರಲ್ಲಿ ಕರ್ಣನಿಗಾದ ಅವಮಾನಕ್ಕೆ ನಾವು ಕಣ್ಣೀರು ಹಾಕುತ್ತೇವೆ, ಆದರೆ ಅವನು ಸೂರ್ಯನ ಮಗ ಎಂಬುದು ಹಾಕುವಾಗಲೇ ನಮಗೆ ಗೊತ್ತಿರುತ್ತದೆ. ಹುಟ್ಟು ದೊಡ್ಡದಲ್ಲ ಎಂದು ಸಾರುವ ಕಥೆ ಕೊನೆಗೆ ದೊಡ್ಡ ಹುಟ್ಟನ್ನೇ ಉಡುಗೊರೆಯಾಗಿ ಕೊಡುತ್ತದೆ. ಫೆಬೈಲ್‌ನದೂ ಇದೇ ದಾರಿ: ಅವನ ಒಳ್ಳೆಯತನ ಬಹಳ ಕಾಲ ಬರಿಯ ಒಳ್ಳೆಯತನವಾಗಿ ಉಳಿಯುವುದಿಲ್ಲ, ರಾಜರಕ್ತದ ಸಾಕ್ಷಿಯಾಗಿಬಿಡುತ್ತದೆ. ಇಂಥವನಲ್ಲದೆ ಇನ್ನಾರು ಅನಾಥರನ್ನು ಸಾಕಿಯಾರು ಎನಿಸುವಂತೆ.

ಎರಡನೇ ಸಲ ಬೇಕೆಂದೇ ಬ್ರಿಜಿಡ್‌ಗೆ ಯಾರನ್ನೂ ಕೊಡಲಿಲ್ಲ. ಅಸೇಲೊ ಬಂದ. ಅವನ ಹಿಂದೆ ಮನೆತನವಿಲ್ಲ, ಮುಂದೆ ಸಿಂಹಾಸನವಿಲ್ಲ. ಮಕ್ಕಳ ಹಸಿವು, ಕೂಲಿಯ ಹಣ, ತಂಗಿಯ ಮಾತು, ಇಷ್ಟೇ. ದೃಶ್ಯ ಒಂದು ಗುಂಜಿಯಷ್ಟೂ ಹಗುರವಾಗಲಿಲ್ಲ. ಹಗುರವಾಗಲಿಲ್ಲ ಎಂಬುದರಲ್ಲೇ ಈ ಆಟದ ಏಕೈಕ ನಿಜವಾದ ವಾದವಿದೆ. ರಕ್ತವನ್ನು ಕಳೆದರೂ ಏನೂ ಕಡಿಮೆಯಾಗದ ಒಂದು ಗಳಿಗೆಯನ್ನು ಆಟ ತನಗೇ ಗೊತ್ತಿಲ್ಲದೆ ಬರೆದಿಟ್ಟಿದೆ. ಇದನ್ನು ನೋಡಲು ಎರಡು ಸಲ ಆಡಬೇಕು, ಒಂದು ಸಲ ಬೇಕೆಂದೇ ಕೆಟ್ಟದಾಗಿ. ಜೋಡಿಯ ಕೋಷ್ಟಕ ಹಿಡಿದು ಕೂತವರಿಗೆ ಇದು ಸಿಗುವ ಹಾಗೇ ಇಲ್ಲ.

ಆಮೇಲೆ ಯುದ್ಧ ಶುರುವಾದರೆ ಲೆಕ್ಕ ಮರಳುತ್ತದೆ. ಯೂಫೆಲ್ ಇದ್ದ ಫೆಬೈಲ್ ಬೀಳಿಸುವ ಶತ್ರುವಿನ ಮುಂದೆ ಅಸೇಲೊ ತಡವರಿಸುತ್ತಾನೆ. ಅಲ್ಲದೆ ಬದಲಿಯವರನ್ನು ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಎಂಬುದನ್ನು ಕಾಗಾ ಮೊದಲೇ ನಿರ್ಧರಿಸಿದ್ದಾರೆ. ಸೆಲಿಫ್‌ಗೆ ಬದಲಿ ಇಲ್ಲ. ಜೂಲಿಯಾಗೆ, ಲೀಫ್‌ಗೆ, ಆಲ್ಟೀನಾಗೆ ಬದಲಿ ಇಲ್ಲ. ಸಿಗುರ್ಡ್-ಡಿಯರ್ಡ್ರೆ, ಲೀಫ್-ಆಲ್ಟೀನಾರನ್ನು ಹೆತ್ತ ಕ್ವಾನ್-ಎತ್ಲಿನ್ ಜೋಡಿಗಳು ಕಥೆಯೇ ಕಟ್ಟಿಟ್ಟವು. ಆಟಗಾರನಿಗೆ ಕೊಟ್ಟಿರುವುದು ಮಿಕ್ಕ ರಕ್ತದ ಚಿಲ್ಲರೆ. ಇಡಿಗಂಟು ಲೇಖಕನ ಪೆಟ್ಟಿಗೆಯಲ್ಲೇ ಭದ್ರ. ಹತ್ತನೇ ಅಧ್ಯಾಯದಲ್ಲಿ ಪಾದ್ರಿ ಪಾಲ್ಮಾರ್ಕ್ ಸಿಗುರ್ಡ್‌ನ ಟಿರ್ಫಿಂಗ್ ಖಡ್ಗವನ್ನು ಸೆಲಿಫ್‌ಗೆ ಒಪ್ಪಿಸುತ್ತಾನೆ. ಅದನ್ನು ಹಿಡಿಯಬಲ್ಲ ಕೈ ಬೇರೆ ಇಲ್ಲ. ಕೊನೆಯಲ್ಲಿ ಜೂಲಿಯಸ್‌ನ ಮಂತ್ರಗ್ರಂಥ ಎದುರಾಳಿಯ ದಾಳಿಯ ಬಲವನ್ನು ಅರ್ಧಕ್ಕೆ ಇಳಿಸುತ್ತದೆ, ಅದಕ್ಕೆ ಸರಿಯಾದ ಮದ್ದು ಜೂಲಿಯಾಳ ನಾಗಾ ಗ್ರಂಥ. ಕೆಟ್ಟ ರಕ್ತಕ್ಕೆ ಮದ್ದು ಒಳ್ಳೆಯ ರಕ್ತ, ಅದೂ ಒಂದೇ ಬಸಿರಿನದು. ಗೆದ್ದ ಮೇಲೆ ಸೆಲಿಫ್ ಪಟ್ಟಕ್ಕೇರುತ್ತಾನೆ. ವೀರರ ಮಕ್ಕಳು ಅವರವರ ಮನೆತನದ ನಾಡಿಗೆ ಆಳಲು ಹೊರಡುತ್ತಾರೆ. ಹುಟ್ಟಿನ ಹಕ್ಕನ್ನು ಪ್ರಶ್ನಿಸಿತೆಂಬ ಆಟದ ಕೊನೆಯ ದೃಶ್ಯ ಒಂದು ದೊಡ್ಡ ವಿಭಾಗಪತ್ರ.

ನ್ಯಾಯಕ್ಕಾಗಿ ಎರಡು ಮಾತು. ಸಂಗೀತ ಒಳ್ಳೆಯದು, ಒಂದೊಂದು ಭೂಪಟವೂ ಒಂದು ದೇಶದಷ್ಟು ವಿಶಾಲ. ಹಣದ ನಿಯಮವಂತೂ ಜಾಣತನದ್ದು: ಪ್ರತಿ ಯೋಧನ ದುಡ್ಡು ಅವನದೇ, ವಸ್ತು ಕೈ ಬದಲಾಗಬೇಕಾದರೆ ಗಿರವಿ ಅಂಗಡಿಗೆ ಅರ್ಧ ಬೆಲೆಗೆ ಮಾರಿ ಇನ್ನೊಬ್ಬ ಪೂರಾ ಬೆಲೆಗೆ ಕೊಳ್ಳಬೇಕು, ದುಡ್ಡು ಹಾಗೇ ದಾಟಿಸಬಲ್ಲವರು ಕಳ್ಳರು ಮತ್ತು ಪ್ರೇಮಿಗಳು. ಇಡೀ ಸಂಭಾಷಣೆಯಲ್ಲಿ ಇರುವುದಕ್ಕಿಂತ ಹೆಚ್ಚು ಸಂಸಾರಜ್ಞಾನ ಈ ಒಂದು ನಿಯಮದಲ್ಲಿದೆ.

ಕೊನೆಯ ಜಗಳ ಇದೇ ಸರಣಿಯ 'ತ್ರೀ ಹೌಸಸ್' ಪಕ್ಷಪಾತಿಗಳ ಜೊತೆ. 2019ರ ಆ ಆಟದಲ್ಲಿ ರಕ್ತದ ಗುರುತಿಗೆ ಕ್ರೆಸ್ಟ್ ಎಂದು ಹೆಸರು. ಎಡೆಲ್‌ಗಾರ್ಡ್ ಎಂಬ ನಾಯಕಿ ಆ ವ್ಯವಸ್ಥೆಯ ಮೇಲೇ ಯುದ್ಧ ಸಾರುತ್ತಾಳೆ. ಹಳೆಯ ಆಟ ಹೇಳಲಾರದೆ ಹೋದದ್ದನ್ನು ಇದು ಹೇಳಿತು ಎನ್ನುತ್ತಾರೆ. ಹೇಳಿತು, ಸರಿ. ಆದರೆ ರಣರಂಗದಲ್ಲಿ ಕ್ರೆಸ್ಟ್ ಎಂದರೆ ಆಗೊಮ್ಮೆ ಈಗೊಮ್ಮೆ ಕೈಹಿಡಿಯುವ ಸಣ್ಣ ಲಾಭ. ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಕಳೆದುಕೊಳ್ಳುವುದೇನೂ ಇಲ್ಲದವನ ತ್ಯಾಗದ ಭಾಷಣದಂತೆ ಅದರ ವಾದವೆಲ್ಲ ಮಾತಿನಲ್ಲೇ ಉಳಿಯುತ್ತದೆ. 1996ರ ಆಟದಲ್ಲಿ ರಕ್ತ ಬಿಟ್ಟವನಿಗೆ ನೋವಾಗುತ್ತದೆ, ಯುದ್ಧ ಕಷ್ಟವಾಗುತ್ತದೆ. ವಂಶದ ಹಿರಿಮೆ ಜನರನ್ನು ಹಿಡಿದಿಟ್ಟುಕೊಳ್ಳುವುದು ಸುಳ್ಳು ನಂಬಿಕೆಯಿಂದಲ್ಲ, ಲಾಭದಿಂದ ಎಂಬುದನ್ನು ಅದು ತೋರಿಸುತ್ತದೆ, ತೋರಿಸುವ ಉದ್ದೇಶವಿಲ್ಲದೆ.

ಆದ್ದರಿಂದ ಈ ಆಟವನ್ನು ಹೊಗಳಬೇಡಿ ಎಂದು ನಾನು ಹೇಳುವುದಿಲ್ಲ. ಹೊಗಳಿಕೆಯ ವಿಳಾಸ ಬದಲಿಸಿ ಎನ್ನುತ್ತೇನೆ. ಮ್ಯಾನ್‌ಫ್ರಾಯ್‌ನ ಸಂಚನ್ನೂ ಆರ್ವಿಸ್‌ನ ದುರಂತವನ್ನೂ ಪಕ್ಕಕ್ಕಿಡಿ. ಬ್ರಿಜಿಡ್‌ಳನ್ನು ಒಂಟಿಯಾಗಿ ಬಿಟ್ಟು ಎಂಟನೇ ಅಧ್ಯಾಯದವರೆಗೆ ಬನ್ನಿ. ಡೇಸಿಯನ್ನು ಅಣ್ಣನ ಪಕ್ಕದ ಚೌಕಕ್ಕೆ ನಡೆಸಿ, ಮಾತನಾಡಿಸಿ. ಅವನು ಬರುತ್ತಾನೆ. ಅವನ ಬಿಲ್ಲು ಯಾವ ಡ್ರ್ಯಾಗನ್ ಕೊಟ್ಟದ್ದೂ ಅಲ್ಲ, ಮುಂದಿನ ಪೇಟೆಯಲ್ಲಿ ಅವನ ದುಡ್ಡಿನಿಂದಲೇ ಅದನ್ನು ರಿಪೇರಿ ಮಾಡಿಸಬೇಕು.