ಅಳಿವೆಯ ಊರಿಗೆ ಅಗ್ಗದ ದಾರಿ

ಬ್ರಿಟನ್ನಿಗೆ ಹೋದವರು ಹೆಚ್ಚಾಗಿ ಲಂಡನ್ನಿನಲ್ಲೇ ಕೈ ಬರಿದು ಮಾಡಿಕೊಂಡು ಬರುತ್ತಾರೆ. ನಾಲ್ಕು ಕಾಸು ಉಳಿದಿರುವಾಗಲೇ ಪಡುವಣಕ್ಕೆ ರೈಲು ಹತ್ತಿ ಎನ್ನುತ್ತೇನೆ ನಾನು. ಬರ್ಮಿಂಗ್‌ಹ್ಯಾಮ್‌ನಿಂದ ಸುಮಾರು ಮೂರು ಗಂಟೆ ಕೂತರೆ, ಹಳಿ ಮುಗಿಯುವಲ್ಲಿ ವೇಲ್ಸ್‌ನ ಅಬರಿಸ್ಟ್‌ವಿತ್. ಊರವರ ಬಾಯಲ್ಲಿ ಬರೀ ‘ಆಬರ್’. ನದಿ ಕಡಲು ಸೇರುವ ಜಾಗವನ್ನು ನಮ್ಮ ಕರಾವಳಿಯವರು ಅಳಿವೆ ಎನ್ನುತ್ತಾರಲ್ಲ, ಅದಕ್ಕೆ ವೆಲ್ಷ್ ಭಾಷೆಯ ಮಾತು ಅದು.

ನಿಮ್ಮ ಹಣ ಹೆಚ್ಚಾಗಿ ಖರ್ಚಾಗುವುದು ರೈಲಿಗೆ. ಆದ್ದರಿಂದ ಟಿಕೆಟ್ ಮೊದಲೇ ತೆಗೆಯಿರಿ. ಅಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ 16–25 ವಯಸ್ಸಿನವರ ರೈಲ್‌ಕಾರ್ಡ್ ಇದ್ದರೆ ದರದಲ್ಲಿ ಮೂರನೇ ಒಂದು ಪಾಲು ಇಳಿಯುತ್ತದೆ. ಮಖಂಥ್ಲೆತ್‌ನಲ್ಲಿ ರೈಲು ಎರಡಾಗಿ ಬೇರೆ ಬೇರೆ ದಾರಿ ಹಿಡಿಯುತ್ತದೆ. ಆಬರ್‌ಗೆ ಹೋಗುವ ಬೋಗಿ ಯಾವುದೆಂದು ಕೇಳಿಕೊಳ್ಳಿ. ಅಲ್ಲಿಂದ ಮುಂದೆ ಬಲಗಡೆಯ ಕಿಟಕಿ ಬಿಡಬೇಡಿ. ಡವಿ ನದಿ ಅಗಲವಾಗುತ್ತಾ ಆಗುತ್ತಾ ಕಡಲೇ ಆಗಿಬಿಡುವುದು ಆ ಕಡೆಗೆ.

ರೂಮು ಕಡಲಿಗೆ ಮುಖ ಮಾಡಿದ್ದರೆ ಬಾಡಿಗೆ ಜಾಸ್ತಿ. ಹಿಂದಿನ ಬೀದಿಯಲ್ಲಿ ಹಿಡಿಯಿರಿ, ದಂಡೆಗೆ ಐದು ನಿಮಿಷದ ನಡಿಗೆ.

ದಂಡೆಯ ಮೇಲೆ ಗೋಪುರಗಳ ದೊಡ್ಡ ಕಲ್ಲುಕಟ್ಟಡವೊಂದಿದೆ. ರೈಲು ಗುತ್ತಿಗೆದಾರ ಥಾಮಸ್ ಸ್ಯಾವಿನ್ ಸಿರಿವಂತ ಪ್ರವಾಸಿಗರಿಗಾಗಿ ಕಟ್ಟಿಸಹೊರಟ ಹೋಟೆಲು ಅದು. ಆತ ದಿವಾಳಿಯೆದ್ದ. 1867ರಲ್ಲಿ 10,000 ಪೌಂಡಿಗೆ ಅದು ಕೈಬದಲಾಯಿತು. 1872ರಲ್ಲಿ 26 ವಿದ್ಯಾರ್ಥಿಗಳೊಂದಿಗೆ ಅಲ್ಲಿ ಕಾಲೇಜು ತೆರೆಯಿತು. ಇಂದಿನ ವಿಶ್ವವಿದ್ಯಾಲಯದ ಬೇರು ಅದೇ. ಆರಂಭದ ಬಡತನದ ದಿನಗಳಲ್ಲಿ ಅದನ್ನು ಉಳಿಸಿದ್ದು ಚಾಪೆಲ್‌ಗಳಲ್ಲಿ ಕೂಡಿಸಿದ ಪೆನ್ನಿಗಳು, ಗಣಿ ಕೆಲಸದವರೂ ರೈತರೂ ಹಾಕಿದ ಚಿಲ್ಲರೆ. ಚಿಲ್ಲರೆ ಕಾಸಿನಲ್ಲೇ ನಡೆಸುವ ಆ ಗುಣ ಊರಿಗೆ ಇಂದಿಗೂ ಅಂಟಿಕೊಂಡಿದೆ. ಇಲ್ಲಿ ನನಗೆ ಹಿಡಿಸಿದ್ದಕ್ಕೆಲ್ಲ ಕೊಟ್ಟ ಕಾಸು ಸೊನ್ನೆ.

ಗುಡ್ಡದ ಮೇಲಿನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರವೇಶ ಶುಲ್ಕವಿಲ್ಲ. 1907ರಲ್ಲಿ ಸ್ಥಾಪನೆಯಾದ ಈ ಮನೆಯಲ್ಲೇ ವೆಲ್ಷ್ ಕಾವ್ಯದ ‘ಕಾರ್ಮಾರ್ಥನ್‌ನ ಕಪ್ಪು ಪುಸ್ತಕ’ ಇರುವುದು. 1250ರ ಸುಮಾರಿನ ಹಸ್ತಪ್ರತಿ. ಕೆಳಗಿನ ಟ್ರೆವೆಖಾನ್ ಸೇತುವೆ ನೋಡಲು ಸಾಧಾರಣ. ಆದರೆ 1963ರ ಫೆಬ್ರುವರಿ 2ರಂದು ವೆಲ್ಷ್ ಭಾಷೆಯ ಹಕ್ಕು ಕೇಳಿ ತರುಣ ತರುಣಿಯರು ದಾರಿಗಡ್ಡ ಕೂತದ್ದು ಅದರ ಮೇಲೆಯೇ. ಇಂದು ಊರಿನ ರಸ್ತೆ ಫಲಕಗಳಲ್ಲಿ ವೆಲ್ಷ್ ಕಾಣುತ್ತದೆ. ಕನ್ನಡದವನಾದ ನಾನು ಆ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತೆ. 1277ರಲ್ಲಿ ಶುರುವಾದ ಪಾಳುಕೋಟೆಯೂ ಬಿಟ್ಟಿ, ಬುತ್ತಿ ಬಿಚ್ಚಲು ಒಳ್ಳೆಯ ಜಾಗ. ಕಡಲಕ್ಕಿಗಳ ಮೇಲೆ ಕಣ್ಣಿರಲಿ, ತುತ್ತು ಕಸಿದುಕೊಂಡೇ ಹೋಗುತ್ತವೆ.

ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ. ಗಾಳಿ ಮುಖಕ್ಕೆ ಹೊಡೆಯುತ್ತದೆ, ನಿಜ. ಸಂಜೆ ಕಡಲೊಳಗೆ ಚಾಚಿದ ಹಳೆಯ ಪಿಯರ್ ಎದುರು ನಿಂತರೆ ಅದೆಲ್ಲ ಮರೆಯುತ್ತದೆ. ಬಯಲಿನಿಂದ ಕಬ್ಬಕ್ಕಿಗಳ ಗುಂಪುಗಳು ಒಂದೊಂದಾಗಿ ಬಂದು ಕೂಡಿಕೊಳ್ಳುತ್ತವೆ. ಸಾವಿರಾರು ರೆಕ್ಕೆಗಳು ಒಂದೇ ಬಟ್ಟೆಯಂತೆ ಮಡಿಸಿಕೊಂಡು, ಬಿಚ್ಚಿಕೊಂಡು, ಮುಳುಗುವ ಸೂರ್ಯನಿಗೆ ಅಡ್ಡ ಹಾಯುತ್ತವೆ. ಕತ್ತಲು ಕವಿಯುವ ಹೊತ್ತಿಗೆ ಇಡೀ ಹಿಂಡು ಪಿಯರಿನ ಕೆಳಗಿನ ಕಬ್ಬಿಣದ ತೊಲೆಗಳೊಳಗೆ ಸುರಿದುಬಿಡುತ್ತದೆ. ಆಮೇಲೆ ಬಹಳ ಹೊತ್ತು ಅಲೆಯ ಸದ್ದಿನ ಮೇಲೆ ಅವುಗಳ ಕಿಚಿಪಿಚಿ. ಯಾವ ನಾಟಕಶಾಲೆಯ ಟಿಕೆಟ್ಟಿಗೂ ನಾನು ಆ ಅರ್ಧ ಗಂಟೆಯನ್ನು ಕೊಡಲಾರೆ.

ಮರುದಿನ ಕಾನ್‌ಸ್ಟಿಟ್ಯೂಷನ್ ಹಿಲ್ ಹತ್ತಿ. 1896ರ ಗುಡ್ಡದ ರೈಲಿಗೆ ಟಿಕೆಟ್ ಬೇಕು, ಪಕ್ಕದ ಕಾಲುದಾರಿಗೆ ಬೇಡ. ಅಲ್ಲಿಂದ ಕಡಲಂಚು ಹಿಡಿದು ಸುಮಾರು 10 ಕಿಲೋಮೀಟರ್ ಏರಿಳಿದರೆ ಬೋರ್ತ್, ವಾಪಸಾಗಲು ರೈಲುಂಟು. ಬೋರ್ತ್‌ನ ಮರಳಿನಲ್ಲಿ ಸಾವಿರಾರು ವರ್ಷಗಳ ಹಿಂದೆ ಕಡಲು ನುಂಗಿದ ಕಾಡಿನ ಬುಡಗಳಿವೆ. ಹೊರಡುವ ಮುನ್ನ ಉಬ್ಬರ ಇಳಿತದ ವೇಳೆ ನೋಡಿಕೊಳ್ಳಿ. ನೀರು ಇಳಿದಾಗ ಮಾತ್ರ ಅವು ಕಾಣುತ್ತವೆ.