ಕಾರ್ಡಿನ ಗುಡಿ, ಹೊಳೆದಂಡೆಯ ಗುಡಿ

ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬ ಈಗ ಫ್ರಾನ್ಸಿನಲ್ಲಿ ನೌಕರಿಯಲ್ಲಿದ್ದಾನೆ. ಕಳೆದ ದೀಪಾವಳಿಗೆ ಚಿಕ್ಕೋಡಿಗೆ ಬಂದವನು ಮನೆಗೆ ಬಂದು ಒಂದು ಲಕೋಟೆ ಕೊಟ್ಟ. "ಅಕ್ಕೋರ, ಪ್ಯಾರಿಸ್‌ನ್ಯಾಗ ಹೊಳಿ ದಂಡಿಗೆ ಹಳೇ ಪುಸ್ತಕ ಮಾರತಾರ. ಅಲ್ಲಿ ಸಿಕ್ಕೂವು. ನಿಮಗ ಇತಿಹಾಸ ಅಂದ್ರ ಪ್ರೀತಿ ಅಂತ ತಂದೆ" ಎಂದ. ಒಳಗೆ ಹದಿನಾಲ್ಕು ಚಿತ್ರದ ಕಾರ್ಡುಗಳು. ಎಲ್ಲವೂ ನೂರು ವರ್ಷದ ಹಿಂದಿನವು. ಯಾವುದನ್ನು ತಿರುವಿದರೂ ಚರ್ಚು, ಮಠ, ಗೋಪುರ.

ಹೆಚ್ಚಿನವುಗಳ ಮೂಲೆಯಲ್ಲಿ 'ಎನ್.ಡಿ.' ಎಂಬ ಎರಡಕ್ಷರವಿತ್ತು. ಮೊದಲ ಕಾರ್ಡು ಪ್ಯಾರಿಸ್ಸಿನ ನೋತ್ರ ದಾಮ್ ಚರ್ಚಿನದು. ಅದರ ಹೆಸರಿನ ಮೊದಲಕ್ಷರಗಳೇ ಇರಬೇಕೆಂದು ನಾನು ಜಾಣತನ ತೋರಿಸಿದೆ. ಸಮುದ್ರದ ನಡುವಿನ ಮೋಂ ಸೇಂ ಮಿಶೆಲ್ ಮಠದ ಕಾರ್ಡಿನಲ್ಲೂ ಅದೇ ಅಕ್ಷರ ಕಂಡಾಗ ಹುಡುಗ ನಕ್ಕ. ಅದು ನರ್ದೆಂ ಎಂಬ ಅಣ್ಣತಮ್ಮಂದಿರ ಫೋಟೋ ಕಂಪನಿಯ ಗುರುತಂತೆ. ಇನ್ನು ಕೆಲವದರ ಮೇಲಿದ್ದ 'ಎಲ್.ಎಲ್.' ಲೆವಿ ಎಂಬ ಇನ್ನೊಂದು ಕಂಪನಿಯದು. ದೇವರ ಮನೆಯ ಮೇಲೆ ಅಂಗಡಿಯ ಮೊಹರು!

ಒಂದು ವಾರ ಈ ಕಾರ್ಡುಗಳನ್ನು ಮೇಜಿನ ಮೇಲೆ ಹರವಿಕೊಂಡು ಕುಳಿತೆ. ಕಲ್ಲಿನ ಒಂದೊಂದು ಗೆರೆಯೂ ಸ್ಪಷ್ಟ. ಆ ಛಾಯಾಗ್ರಾಹಕರ ಕಸುಬಿಗೆ ತಲೆಬಾಗಲೇಬೇಕು. ಆದರೆ ನೋಡುತ್ತ ಹೋದಂತೆ ಏನೋ ಬಣಗುಡುತ್ತದೆ. ಬಾಗಿಲು ಮುಚ್ಚಿದೆ. ಮೆಟ್ಟಿಲ ಮೇಲೆ ಬೇಡುವ ಮುದುಕಿಯಿಲ್ಲ, ಮೇಣದಬತ್ತಿ ಮಾರುವವಳಿಲ್ಲ. ಎಲ್ಲೋ ಒಬ್ಬಿಬ್ಬರು ನಿಂತಿದ್ದರೂ ಅವರು ಭಕ್ತರಲ್ಲ, ಗೋಪುರದ ಎತ್ತರ ತಿಳಿಯಲೆಂದು ನಿಲ್ಲಿಸಿದ ಅಳತೆಗೋಲುಗಳು. ಒಂದು ಕಾರ್ಡು ನಮ್ಮ ದೇಶದ್ದೇ. ಫ್ರೆಂಚರ ಆಳ್ವಿಕೆಯಲ್ಲಿದ್ದ ಪುದುಚೇರಿ ಹತ್ತಿರದ ವಿಲ್ಲಿಯನೂರಿನ ಶಿವಾಲಯ. ಕೆಳಗೆ 'ಪಗೋಡ' ಎಂದಷ್ಟೇ ಅಚ್ಚಾಗಿದೆ. ಒಳಗೆ ಕುಳಿತ ತಿರುಕಾಮೀಶ್ವರನ ಹೆಸರಿಲ್ಲ. ಬೀಗ ಹಾಕಿದ ಮನೆಯನ್ನು ಹೊರಗಿನಿಂದ ನೋಡಿ ಬಂದಂತಾಯಿತು.

ಇದೇ ಕಣ್ಣಿನಿಂದ ನಮ್ಮ ಖಿದ್ರಾಪುರದ ಕಾರ್ಡನ್ನು ಮಾಡಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿದೆ. ಕಾಗವಾಡ ತಾಲೂಕಿನ ಜುಗೂಳದಿಂದ ಕೃಷ್ಣೆಯನ್ನು ದಾಟಿದರೆ ಮಹಾರಾಷ್ಟ್ರದ ಖಿದ್ರಾಪುರ. ಅಲ್ಲಿ ಶಿಲಾಹಾರರ ಕಾಲದ ಕೋಪೇಶ್ವರ ಗುಡಿಯಿದೆ. ಅದರ ಸ್ವರ್ಗಮಂಟಪದ ನೆತ್ತಿ ದುಂಡಗೆ ತೆರೆದಿದ್ದು, ಆಕಾಶ ಕಾಣುತ್ತದೆ. ಚಿತ್ರಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಶಿವನ ಮುಂದೆ ನಂದಿಯಿಲ್ಲ. ಕಾರ್ಡು ನೋಡಿದವರು ಅದನ್ನೊಂದು ಕೊರತೆ ಎಂದುಕೊಂಡಾರು. ನಮ್ಮ ಕಡೆಯ ಅಜ್ಜಿಯರನ್ನು ಕೇಳಿದರೆ ಬೇರೆ ಮಾತು ಹೇಳುತ್ತಾರೆ: ದಕ್ಷನ ಯಜ್ಞಕ್ಕೆ ಹೊರಟ ಸತಿಯ ಸಂಗಡ ನಂದಿಯೂ ಹೋದ, ಈಗಲೂ ಆತ ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿದ್ದಾನೆ, ಸಿಟ್ಟಾದ ಶಿವ ಇಲ್ಲಿ ಒಬ್ಬನೇ ಉಳಿದ. ದೇವರು ಒಂದು ರಾಜ್ಯದಲ್ಲಿ, ನಂದಿ ಇನ್ನೊಂದು ರಾಜ್ಯದಲ್ಲಿ! ಈ ನಂಟು ಯಾವ ಕ್ಯಾಮೆರಾದ ಚೌಕಟ್ಟಿನಲ್ಲೂ ಹಿಡಿಯುವಂಥದ್ದಲ್ಲ.

ಹೀಗೆ ತಪ್ಪು ಎಣಿಸುತ್ತಿದ್ದವಳ ಬಾಯಿ ಕಟ್ಟಿಸಿದ್ದು ಕೊನೆಯ ಎರಡು ಕಾರ್ಡುಗಳು. ಎರಡೂ ರೀಮ್ಸ್ ಊರಿನ ಚರ್ಚಿನವು. ಒಂದರಲ್ಲಿ ಬಾಗಿಲ ಪಕ್ಕದ ದೇವದೂತ ಮುಗುಳ್ನಗುತ್ತ ನಿಂತಿದ್ದಾನೆ. ಇನ್ನೊಂದರಲ್ಲಿ ಅವನ ತಲೆಯೇ ಇಲ್ಲ. 1914ರ ಸೆಪ್ಟೆಂಬರಿನಲ್ಲಿ ಜರ್ಮನ್ ತೋಪಿನ ಗುಂಡು ಬಿದ್ದು ಚರ್ಚು ಹೊತ್ತಿ ಉರಿದಾಗ ಆ ತಲೆ ಮುರಿದು ಬಿತ್ತು. ಜನ ಚೂರುಗಳನ್ನು ಆಯ್ದಿಟ್ಟರು. ಮೊದಲೇ ತೆಗೆದಿಟ್ಟ ಅಚ್ಚೂ ಇತ್ತು. 1926ರಲ್ಲಿ ದೇವದೂತನಿಗೆ ಮತ್ತೆ ಅದೇ ನಗೆ ಬಂತು. 2019ರಲ್ಲಿ ಸುಟ್ಟ ನೋತ್ರ ದಾಮ್ ಚರ್ಚಿನ ಶಿಖರವನ್ನೂ ಮೊದಲಿದ್ದಂತೆಯೇ ಕಟ್ಟಿ, 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆದರು. ಮೊದಲು ಹೇಗಿತ್ತು ಎಂಬುದಕ್ಕೆ ಅವರ ಹತ್ತಿರ ಆಧಾರವಿತ್ತು.

ನನ್ನ ಹತ್ತಿರ ಏನಿದೆ? ನನ್ನ ತವರೂರು ರಾಯಬಾಗ ತಾಲೂಕಿನ ಒಂದು ಹೊಳೆದಂಡೆಯ ಹಳ್ಳಿ. ಅಲ್ಲೊಂದು ಕರಿಕಲ್ಲಿನ ಪುಟ್ಟ ಗುಡಿಯಿತ್ತು. 2019ರ ಆಗಸ್ಟಿನ ಮಹಾಪೂರದಲ್ಲಿ ನೀರು ಅದರ ಹೊಸ್ತಿಲು ದಾಟಿ ದಿನಗಟ್ಟಲೆ ನಿಂತಿತು. ಗೋಡೆ ಬಿರಿಯಿತೆಂದು ಹಿರಿಯರು ಕೂಡಿ ಕೆಡವಿಸಿದರು. ಈಗ ಅಲ್ಲಿ ಸ್ಲ್ಯಾಬಿನ ಗುಡಿಯಿದೆ, ನೆಲಕ್ಕೆ ಗ್ರಾನೈಟು, ಗೋಡೆಗೆ ಟೈಲ್ಸು. ಬೇರೆಯವರನ್ನು ಬಯ್ಯುವ ಹಾಗಿಲ್ಲ. ಪಟ್ಟಿ ಕೊಟ್ಟವರಲ್ಲಿ ನಾನೂ ಒಬ್ಬಳು. ಹಳೆಯ ಗುಡಿಗೆ ಕಂಬ ಹನ್ನೆರಡು ಎಂದು ನಾನು, ಹದಿನಾರು ಎಂದು ನನ್ನ ತಂಗಿ. ಬಗೆಹರಿಸಲು ಒಂದು ಚಿತ್ರವಿಲ್ಲ. ನನ್ನ ಮದುವೆಯ ಫೋಟೋದಲ್ಲಿ ನಮ್ಮ ಬೆನ್ನ ಹಿಂದೆ ಒಂದೆರಡು ಕಂಬ ಕಾಣುತ್ತಿದ್ದವು. ಅದೇ ಮಹಾಪೂರದಲ್ಲಿ ಟ್ರಂಕಿನ ಸಮೇತ ಅದೂ ಕೆಸರಾಯಿತು.

ಚಿಂಚಲಿಯ ಮಾಯಕ್ಕನ ಫೋಟೋ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಅದರಲ್ಲಿ ದೇವಿಯ ಮುಖವಿದೆ, ಗುಡಿಯಿಲ್ಲ. ನಾವು ಮುಖ ಉಳಿಸಿಕೊಂಡೆವು, ಅವರು ಗೋಡೆ ಉಳಿಸಿಕೊಂಡರು. ಇದರಲ್ಲಿ ಯಾವುದು ಹೆಚ್ಚು ಎಂದು ತೀರ್ಪು ಕೊಡುವ ಧೈರ್ಯ ನನಗೀಗ ಇಲ್ಲ.

ಕಾರ್ಡುಗಳ ಹಿಂಬದಿಯನ್ನು ನಾನು ತಡವಾಗಿ ನೋಡಿದೆ. ಮೊದಮೊದಲು ಅಲ್ಲಿ ವಿಳಾಸ ಮಾತ್ರ ಬರೆಯಬೇಕಿತ್ತು. 1904ರ ಹೊತ್ತಿಗೆ ಫ್ರಾನ್ಸಿನಲ್ಲಿ ಒಕ್ಕಣೆಗೂ ಅರ್ಧ ಜಾಗ ಸಿಕ್ಕಿತು. ಒಬ್ಬ ಹುಡುಗಿ ತನ್ನ ಅತ್ತೆಗೆ ಬರೆದದ್ದನ್ನು ಹುಡುಗ ಓದಿ ಹೇಳಿದ: ಮಳೆ ಬಂತು, ಬೂಟು ಕಚ್ಚಿ ಕಾಲು ನೋಯುತ್ತಿದೆ, ನಿಮ್ಮ ಹೆಸರಿನಲ್ಲಿ ದೀಪ ಹಚ್ಚಿದೆ. ಮುಂದೆ ಕಾಣದ ಭಕ್ತೆ ಹಿಂದೆ ಕುಳಿತಿದ್ದಳು! ನಮ್ಮಲ್ಲಿ 1879ರಲ್ಲಿ ಬಂದ ಕಾಲಾಣೆ ಕಾರ್ಡಿನಲ್ಲಿ ಬರವಣಿಗೆಯಿತ್ತು, ಚಿತ್ರವಿರಲಿಲ್ಲ. ಎರಡೂ ಕೂಡಿದರೇ ಗುಡಿ ಪೂರ್ತಿಯಾಗುವುದು.

ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ. ಜೀರ್ಣೋದ್ಧಾರಕ್ಕೆ ಹೊರಟ ಹಿರಿಯರಲ್ಲಿ ನನ್ನದೊಂದೇ ಬಿನ್ನಹ: ಕೆಡವುವ ಮುಂಚೆ ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೋ ತೆಗೆಯಿರಿ, ಪ್ರತಿ ಮಾಡಿಸಿ ಹಿಂದೆ ಅಜ್ಜಿ ಹೇಳಿದ ಕಥೆ ಬರೆದಿಡಿರಿ, ಕಂಬಗಳನ್ನು ಎಣಿಸಿರಿ. ನನ್ನ ಮತ್ತು ತಂಗಿಯ ಜಗಳವಂತೂ ಇನ್ನು ಮುಗಿಯುವುದಿಲ್ಲ.