ಆಲೆಮನೆಗೆ ಬಂದ ಮಷೀನು

ಮದ್ದೂರು, ಮಂಡ್ಯ, ಮಳವಳ್ಳಿ ಕಡೆ ಆಲೆಮನೆ ಅಂದರೆ ಬೆಲ್ಲದ ಘಮ. ಆದರೆ 2023ರ ನವೆಂಬರ್ ಆದಮೇಲೆ ಆ ಪದ ಕೇಳಿದರೆ ನನಗೆ ಬೇರೆಯದೇ ನೆನಪಾಗುತ್ತೆ. ಹೆಣ್ಣು ಭ್ರೂಣಹತ್ಯೆ ಜಾಲವೊಂದನ್ನು ಹಿಡಿದ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು, ಸ್ಕ್ಯಾನಿಂಗ್ ನಡೀತಿದ್ದದ್ದು ಮಂಡ್ಯದ ಒಂದು ಆಲೆಮನೆಯಲ್ಲಿ ಅಂದರು. ಆರು ತಿಂಗಳಿಗೆ ಪಾಂಡವಪುರದಲ್ಲಿ ಇನ್ನೊಂದು ಪ್ರಕರಣ, ಅದೂ ಆರೋಗ್ಯ ಇಲಾಖೆಯ ಕ್ವಾರ್ಟರ್ಸ್‌ನಲ್ಲಿ!

ಕಾನೂನು ಇರಲಿಲ್ವಾ? ಇತ್ತು. 1994ರದ್ದು, 2003ರಲ್ಲಿ ಬಿಗಿ ಮಾಡಿದ್ದು. ಪೋರ್ಟಬಲ್ ಅಲ್ಟ್ರಾಸೌಂಡ್ ಎಲ್ಲಿಗೆ ಹೋಗಿ ಏನು ಮಾಡುತ್ತೋ ಅನ್ನೋ ಭಯದಲ್ಲಿ 2012ರಲ್ಲಿ ನಿಯಮಕ್ಕೆ ತಿದ್ದುಪಡಿಯೂ ಆಯ್ತು. ನೋಂದಣಿಯಾದ ಕಟ್ಟಡದೊಳಗೆ ಒಳರೋಗಿಗಳಿಗೆ ಮಾತ್ರ ಬಳಸಬೇಕು, ಇಲ್ಲವೇ ಬೇರೆ ಸೇವೆಗಳೂ ಇರುವ ಸಂಚಾರಿ ಘಟಕದಲ್ಲಿ. ಒಬ್ಬ ವೈದ್ಯರಿಗೆ ಒಂದು ಜಿಲ್ಲೆಯಲ್ಲಿ ಎರಡೇ ಕೇಂದ್ರ. ಹೊಸ ಯಂತ್ರದ ಬಗ್ಗೆ ಏನೂ ಖಾತ್ರಿಯಿಲ್ಲದಾಗ ಬೀಗ ಹಾಕೋದು ತಪ್ಪಲ್ಲ. ಅದಕ್ಕೆ ನಾನು ಸರ್ಕಾರವನ್ನು ಬೈಯಲ್ಲ.

ನನ್ನ ತಕರಾರು ಆಮೇಲಿನದ್ದು. ಮಂಡಳಿಗಳಿವೆ, ತಪಾಸಣೆ ಇದೆ. ಆದರೆ ಕಣ್ಣೆಲ್ಲ ಮಷೀನು ಪಟ್ಟಿಯಲ್ಲಿದೆಯಾ, ಫಾರ್ಮ್ ಎಫ್ ಸರಿಯಾಗಿ ತುಂಬಿದ್ದಾರಾ ಅನ್ನೋದರ ಮೇಲೆ. ಪಟ್ಟಿಯಲ್ಲೇ ಇಲ್ಲದ ಆಲೆಮನೆ ಮಷೀನಿಗೆ ಯಾವ ಫಾರ್ಮು? ಬೀಗ ತಡೆದದ್ದು ನಿಯಮ ಪಾಲಿಸೋರನ್ನು. ಹಲಗೂರು ಆಚೆಯ ಹಳ್ಳಿಯಲ್ಲಿ ಎಂಟು ತಿಂಗಳ ಬಸುರಿಗೆ ರಾತ್ರಿ ರಕ್ತಸ್ರಾವವಾದರೆ, ಮಾಸು ಎಲ್ಲಿ ಕೂತಿದೆ ಅಂತ ಅಲ್ಲೇ ನೋಡೋಕೆ ಅಂಗೈಯಷ್ಟು ಪ್ರೋಬ್ ಸಾಕು. ಅದು ಇಲ್ಲದ್ದರಿಂದ ಆಕೆ ಕಳಕೊಂಡದ್ದು ಯಾವ ರಿಜಿಸ್ಟರಿನಲ್ಲೂ ಬರಲ್ಲ.

ಹಾಗಂತ ನಿಷೇಧವನ್ನೇ ತೆಗೆಯಿರಿ ಅಂತಲ್ಲ. 2024ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಆಗಿನ ಅಧ್ಯಕ್ಷರು ಲಿಂಗಪತ್ತೆಗೆ ಅವಕಾಶ ಕೊಡೋಣ ಅಂದಿದ್ದರು. ಪಾಂಡವಪುರದ ಸುದ್ದಿ ಓದಿದ ನನಗಂತೂ ಅದನ್ನು ಒಪ್ಪೋಕೆ ಆಗಲಿಲ್ಲ. ಆದರೆ ಯಂತ್ರ ಸುಮ್ಮನೆ ಕೂತಿಲ್ಲ. ಪ್ರೋಬ್ ಈಗ ಫೋನಿಗೇ ಸಿಕ್ಕಿಸಬಹುದು. ಹತ್ತು ವಾರಕ್ಕೇ ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಓದಬಹುದು. ಕಾನೂನಿನಲ್ಲಿ ರಕ್ತಪರೀಕ್ಷೆಯೂ ಸೇರಿದೆ ನಿಜ, ಆದರೆ ಕೊರಿಯರ್ ಡಬ್ಬಿಯಲ್ಲಿ ಹೋಗೋ ಸೀಸೆಯನ್ನು ಯಾವ ಕೋಣೆಗೆ ಹಾಕಿ ಬೀಗ ಹಾಕ್ತೀರಿ?

ಮಂಡ್ಯ ಜಿಲ್ಲೆಯಲ್ಲೇ ಶುರು ಮಾಡಿ ನೋಡಲಿ. ಪ್ರತಿ ಸ್ಕ್ಯಾನೂ ತಾನಾಗೇ ದಾಖಲಾಗೋ ಪ್ರೋಬ್‌ಗಳನ್ನು ಕೆಲವೇ ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಕೊಡಲಿ, ಎರಡು ವರ್ಷದ ಗಡುವು ಹಾಕಿ. ಎಷ್ಟು ತಾಯಂದಿರನ್ನು ಹೊತ್ತಿಗೆ ಸರಿಯಾಗಿ ದೊಡ್ಡಾಸ್ಪತ್ರೆಗೆ ಕಳಿಸಿದರು, ಆ ಊರುಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಷ್ಟು, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ತಾಲ್ಲೂಕು ಕಚೇರಿ ಗೋಡೆಗೆ ಅಂಟಿಸಲಿ. ಎರಡನೇ ಲೆಕ್ಕ ಕುಸಿದರೆ ಪ್ರೋಬ್‌ಗಳನ್ನು ವಾಪಸ್ ತಗೊಳ್ಳಲಿ.